ಮೊದಲ ಸೂಜಿ ತನಗೇ ಚುಚ್ಚಿಕೊಂಡ ಹಾಫ್‌ಕಿನ್

2021ರ ಮಳೆಗಾಲದಲ್ಲಿ ಕಾಲೇಜುಗಳು ಮತ್ತೆ ತೆರೆದದ್ದು ನಮ್ಮ ಸೀನಿಯರ್‌ಗಳಿಗೆ ಚೆನ್ನಾಗಿ ನೆನಪಿರಬಹುದು. ಕನಿಷ್ಠ ಒಂದು ಡೋಸ್ ಆಗಿದ್ದರೆ ಮಾತ್ರ ಕ್ಲಾಸಿಗೆ ಪ್ರವೇಶ. ಕೆಲವರು ಖುಷಿಯಿಂದ ಕ್ಯೂ ನಿಂತರು, ಕೆಲವರು ಹಾಜರಾತಿ ಭಯಕ್ಕೆ ನಿಂತರು, ಇನ್ನು ಕೆಲವರ ಮನೆಯಲ್ಲಿ ವಾಟ್ಸಾಪ್ ನೋಡಿ ಬೇಡವೇ ಬೇಡ ಅಂತ ಹಠ ಹಿಡಿದರು. ಚುಚ್ಚಿಸಿಕೊಂಡರೆ ಮಕ್ಕಳಾಗಲ್ಲವಂತೆ, ಎರಡು ವರ್ಷದಲ್ಲಿ ಸಾಯ್ತಾರಂತೆ, ಹೀಗೆ ಒಂದಾ ಎರಡಾ. ಇದೆಲ್ಲ ಮೊಬೈಲ್ ಕಾಲದ ಹುಚ್ಚು ಅಂತ ನಾನೂ ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದಾಗ ಗೊತ್ತಾಯ್ತು, ಹೆಚ್ಚುಕಮ್ಮಿ ಇದೇ ಮಾತುಗಳು 1898ರಲ್ಲೂ ನಮ್ಮ ದೇಶದ ಬೀದಿಗಳಲ್ಲಿ ಓಡಾಡುತ್ತಿದ್ದವು. ಆಗಲೂ ಒಂದು ಮಾರಿ ಬಂದಿತ್ತು, ಒಂದು ಕಾಯ್ದೆ ಬಂದಿತ್ತು, ಒಂದು ಹೊಸ ಸೂಜಿ ಬಂದಿತ್ತು. ಆ ಸೂಜಿಯನ್ನು ತಂದವರ ಹೆಸರು ವಾಲ್ಡೆಮಾರ್ ಹಾಫ್‌ಕಿನ್. ಮುಂಬೈಯ ಪರೇಲ್‌ನಲ್ಲಿ ಅವರ ಹೆಸರಿನ ಸಂಸ್ಥೆ ಇವತ್ತಿಗೂ ಇದೆ. ಆದರೆ ಅವರ ಬದುಕಿನ ಕಥೆ ನಮ್ಮ ಪಠ್ಯದಲ್ಲಿ ಎಲ್ಲೂ ಬರಲ್ಲ.

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ರಷ್ಯಾ ಸಾಮ್ರಾಜ್ಯದ ಕಪ್ಪು ಸಮುದ್ರದ ತೀರದಲ್ಲಿರುವ ಒಡೆಸ್ಸಾದಲ್ಲಿ. ಯಹೂದಿ ಕುಟುಂಬ. ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದುವಾಗ ಸಿಕ್ಕ ಗುರು ಇಲ್ಯಾ ಮೆಚ್ನಿಕೋಫ್. ನಮ್ಮ ರಕ್ತದ ಬಿಳಿಕಣಗಳು ರೋಗಾಣುಗಳನ್ನು ನುಂಗಿ ಹಾಕುತ್ತವೆ ಅಂತ ಕಂಡುಹಿಡಿದು, ಮುಂದೆ 1908ರಲ್ಲಿ ನೊಬೆಲ್ ಪಡೆದವರು ಇವರೇ. ಅಂಥ ಗುರುವಿನ ಕೈಕೆಳಗೆ ಕಲಿಯೋದು ಅಂದರೆ ಪುಣ್ಯ. ಆದರೆ ಕಾಲ ಮಾತ್ರ ಚೆನ್ನಾಗಿರಲಿಲ್ಲ.

ತ್ಸಾರ್ ದೊರೆಯ ಆಡಳಿತದ ವಿರುದ್ಧ ವಿದ್ಯಾರ್ಥಿಗಳು ಕುದಿಯುತ್ತಿದ್ದ ದಿನಗಳವು. ಹಾಫ್‌ಕಿನ್ ಕೂಡ ಒಂದು ಕ್ರಾಂತಿಕಾರಿ ಗುಂಪಿನ ಜೊತೆ ಇದ್ದು, ಗುಂಪು ಕೊಲೆಯ ದಾರಿ ಹಿಡಿದಾಗ ದೂರ ಸರಿದರು. 1881ರಲ್ಲಿ ಒಡೆಸ್ಸಾದಲ್ಲಿ ಯಹೂದಿಗಳ ಮೇಲೆ ದಂಗೆಕೋರರು ಬಿದ್ದಾಗ ತಮ್ಮ ಜನರ ರಕ್ಷಣೆಗೆ ನಿಂತು ಗಾಯಗೊಂಡರು. ಪೊಲೀಸರು ಹಿಡಿದದ್ದು ದಂಗೆಕೋರರನ್ನಲ್ಲ, ಇವರನ್ನು! ಮೆಚ್ನಿಕೋಫ್ ಮಧ್ಯೆ ಬಂದು ಬಿಡಿಸಬೇಕಾಯಿತು. ಓದು ಮುಗಿದ ಮೇಲೆ ಪ್ರೊಫೆಸರ್ ಹುದ್ದೆ ಬೇಕಿದ್ದರೆ ಆರ್ಥೊಡಾಕ್ಸ್ ಕ್ರೈಸ್ತ ಮತಕ್ಕೆ ಸೇರಬೇಕು ಅನ್ನುವ ಷರತ್ತು ಎದುರಾಯಿತು. ಅವರು ಸೇರಲಿಲ್ಲ. ಹುದ್ದೆಯೂ ಸಿಗಲಿಲ್ಲ. ಸರ್ಕಾರದ ಕೈ ಒಬ್ಬ ಮನುಷ್ಯನ ಮೈ ಮೇಲೆ, ನಂಬಿಕೆ ಮೇಲೆ ಬಿದ್ದರೆ ಹೇಗಿರುತ್ತದೆ ಅನ್ನೋದು ಅವರಿಗೆ ಯೌವನದಲ್ಲೇ ಗೊತ್ತಾಗಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ ಹೋದರು. ಸ್ವಲ್ಪ ದಿನದಲ್ಲೇ ಗುರು ಮೆಚ್ನಿಕೋಫ್ ಇದ್ದ ಪ್ಯಾರಿಸ್‌ನ ಪಾಶ್ಚರ್ ಇನ್‌ಸ್ಟಿಟ್ಯೂಟ್ ಸೇರಿದರು. ಅಲ್ಲಿ ಖಾಲಿ ಇದ್ದದ್ದು ಗ್ರಂಥಾಲಯದ ಕೆಲಸ ಒಂದೇ. ಅದನ್ನೇ ಒಪ್ಪಿಕೊಂಡು, ಬಿಡುವಾದಾಗೆಲ್ಲ ಲ್ಯಾಬಿನಲ್ಲಿ ಕೂತು ಪ್ರಯೋಗ ಮಾಡಿದರು. ಆಗ ಯುರೋಪನ್ನೂ ಏಷ್ಯಾವನ್ನೂ ಕಾಡುತ್ತಿದ್ದದ್ದು ಕಾಲರಾ. ಅದರ ರೋಗಾಣುವಿನಿಂದ ಲಸಿಕೆ ತಯಾರಿಸಿ, ಪ್ರಾಣಿಗಳ ಮೇಲೆ ಪರೀಕ್ಷಿಸಿ, 1892ರ ಜುಲೈ 18ರಂದು ಮೊದಲ ಸೂಜಿಯನ್ನು ತಮಗೇ ಚುಚ್ಚಿಕೊಂಡರು. ಜ್ವರ ಬಂತು, ಹೋಯಿತು. ಆಮೇಲೆ ಗೆಳೆಯರಿಗೆ ಕೊಟ್ಟರು. ಎಥಿಕ್ಸ್ ಕಮಿಟಿ, ಫೇಸ್ ಒನ್, ಫೇಸ್ ಟೂ ಅಂತೆಲ್ಲ ಇಲ್ಲದ ಕಾಲದಲ್ಲಿ ಅವರು ತಮಗೆ ತಾವೇ ಹಾಕಿಕೊಂಡ ನಿಯಮ ಅದು. ತನ್ನ ಮೈಗೆ ಹಾಕಿಕೊಳ್ಳದ್ದನ್ನು ಇನ್ನೊಬ್ಬರ ಮೈಗೆ ಹಾಕಬಾರದು.

ಲಸಿಕೆ ನಿಜವಾಗಿ ಕೆಲಸ ಮಾಡುತ್ತದಾ ಅಂತ ನೋಡಲು ಕಾಲರಾ ಇರುವ ಕಡೆಗೇ ಹೋಗಬೇಕು. ಆಗ ಪ್ಯಾರಿಸ್‌ನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದವರು ಲಾರ್ಡ್ ಡಫರಿನ್. ಅದಕ್ಕೆ ಮೊದಲು ಭಾರತದ ವೈಸ್‌ರಾಯ್ ಆಗಿದ್ದವರು. ಅವರು ಭಾರತದ ದಾರಿ ತೋರಿಸಿದರು. 1893ರಲ್ಲಿ ಹಾಫ್‌ಕಿನ್ ಕಲ್ಕತ್ತಾದಲ್ಲಿ ಇಳಿದರು. ಭಾಷೆ ಗೊತ್ತಿಲ್ಲ, ವೈದ್ಯಕೀಯ ಡಿಗ್ರಿ ಇಲ್ಲ, ಮೇಲಾಗಿ ರಷ್ಯಾದವರು ಅಂತ ಬ್ರಿಟಿಷ್ ಅಧಿಕಾರಿಗಳಿಗೂ ಒಳಗೊಳಗೇ ಅನುಮಾನ. ಜನರಿಗಂತೂ ಕೇಳೋದೇ ಬೇಡ. ಕೈಯಲ್ಲಿ ಸೂಜಿ ಹಿಡಿದ ಬಿಳಿಯ, ಕಾಯಿಲೆಯನ್ನು ತಡೆಯುತ್ತೇನೆ ಅಂತ ಕಾಯಿಲೆಯ ಕ್ರಿಮಿಯನ್ನೇ ಮೈಗೆ ಬಿಡುತ್ತಾನೆ! ಯಾರು ತಾನೇ ನಂಬುತ್ತಾರೆ?

1894ರಲ್ಲಿ ಕಲ್ಕತ್ತಾದ ಒಂದು ಬಸ್ತಿಗೆ, ಅಂದರೆ ಗುಡಿಸಲುಗಳ ಕೇರಿಗೆ, ಕಾಲರಾ ಬಂದಿತ್ತು. ಹಾಫ್‌ಕಿನ್ ನಾಲ್ವರು ಬಂಗಾಳಿ ವೈದ್ಯರ ಜೊತೆ ಅಲ್ಲಿಗೆ ಹೋದರು. ಜನ ಮುತ್ತಿದರು, ಕಲ್ಲು ಬಿತ್ತು. ಅವರು ಪೊಲೀಸರನ್ನು ಕರೆಸಲಿಲ್ಲ. ತಮ್ಮ ಅಂಗಿ ಎತ್ತಿ, ಅದೇ ಸೂಜಿಯನ್ನು ಎಲ್ಲರ ಎದುರು ಚುಚ್ಚಿಸಿಕೊಂಡರು. ಜೊತೆಗಿದ್ದ ವೈದ್ಯರೂ ಹಾಗೇ ಮಾಡಿದರು. ಕಲ್ಲು ಎಸೆಯುತ್ತಿದ್ದ ಜನ ಕುತೂಹಲಕ್ಕೆ ಹತ್ತಿರ ಬಂದರು, ಆ ದಿನ ಮುಗಿಯುವುದರೊಳಗೆ ನೂರಕ್ಕೂ ಹೆಚ್ಚು ಜನ ತೋಳೊಡ್ಡಿದ್ದರು. ಹೀಗೆ ಊರೂರು ತಿರುಗಿ ಎರಡು ವರ್ಷದಲ್ಲಿ ಸುಮಾರು 42,000 ಜನರಿಗೆ ಲಸಿಕೆ ಕೊಟ್ಟರು. ಇಷ್ಟ ಇದ್ದವರಿಗೆ ಮಾತ್ರ. ಕೊನೆಗೆ ಮಲೇರಿಯಾ ಹಿಡಿದು ಇಂಗ್ಲೆಂಡಿಗೆ ಹೋಗಿ ಸುಧಾರಿಸಿಕೊಂಡು, 1896ರಲ್ಲಿ ಮತ್ತೆ ಬಂದರು.

ಬಂದ ವರ್ಷವೇ ಮುಂಬೈಗೆ ಪ್ಲೇಗು ಬಂತು. ಸೆಪ್ಟೆಂಬರ್‌ನಲ್ಲಿ ಬಂದರಿನ ಪಕ್ಕದ ಮಾಂಡವಿಯಲ್ಲಿ ಡಾಕ್ಟರ್ ಅಕಾಸಿಯೊ ವಿಯೆಗಾಸ್ ಮೊದಲು ಗುರುತಿಸಿದರು. ಮನೆಯ ತೊಲೆಯಿಂದ ಇಲಿ ಬೀಳೋದು, ಆಮೇಲೆ ಮನುಷ್ಯರಿಗೆ ಜ್ವರ, ತೊಡೆಸಂದಿಯಲ್ಲಿ, ಕಂಕುಳಲ್ಲಿ ಗೆಡ್ಡೆ, ಕೆಲವೇ ದಿನಕ್ಕೆ ಸಾವು. ಅನಂತಮೂರ್ತಿಯವರ ಸಂಸ್ಕಾರ ಓದಿದವರಿಗೆ ಆ ಇಲಿಗಳು ನೆನಪಿರುತ್ತವೆ. ಊರು ಬಿಟ್ಟು ಜನ ರೈಲು ತುಂಬಿಕೊಂಡು ಓಡಿದರು, ಅವರ ಜೊತೆ ಕಾಯಿಲೆಯೂ ಓಡಿತು. ಸರ್ಕಾರ ಹಾಫ್‌ಕಿನ್‌ರನ್ನು ಅಕ್ಟೋಬರ್‌ನಲ್ಲಿ ಮುಂಬೈಗೆ ಕರೆಸಿತು.

ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಸಿಕ್ಕದ್ದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಆಳುಗಳು. ನಮ್ಮ ಮಿನಿ ಪ್ರಾಜೆಕ್ಟ್‌ಗೂ ಇದಕ್ಕಿಂತ ಜಾಸ್ತಿ ಕೊಡ್ತಾರೆ! ಅದರಲ್ಲೇ ಅವರು ಮಾಡಿದ ಕೆಲಸ ನೋಡಿ. ಮಾಂಸದ ಸಾರಿನಲ್ಲಿ ಪ್ಲೇಗಿನ ರೋಗಾಣು ಬೆಳೆಸಬೇಕು. ದನದ ಮಾಂಸ, ಹಂದಿ ಮಾಂಸ ಬಳಸಿದರೆ ಜನ ಮುಟ್ಟಲ್ಲ ಅಂತ ಆಡಿನ ಮಾಂಸ ಬಳಸಿದರು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರು. ರೋಗಾಣುಗಳು ಆ ಹನಿಗಳಿಗೆ ಅಂಟಿಕೊಂಡು, ಗುಹೆಯ ಚಾವಣಿಯಿಂದ ಇಳಿಬೀಳುವ ಸುಣ್ಣದ ಕಂಬಗಳ ಹಾಗೆ ಕೆಳಕ್ಕೆ ಬೆಳೆಯುತ್ತಿದ್ದವು. ಸೀಸೆ ಅಲುಗಾಡಿಸಿದರೆ ಅವು ಉದುರಿ ತಳ ಸೇರುತ್ತವೆ, ಮೇಲೆ ಮತ್ತೆ ಹೊಸದಾಗಿ ಬೆಳೆಯುತ್ತವೆ. ಹೀಗೆ ವಾರಗಟ್ಟಲೆ. ಕೊನೆಗೆ ಸುಮಾರು 65ರಿಂದ 70 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ ರೋಗಾಣುಗಳನ್ನು ಕೊಂದು, ಬೇರೆ ಕ್ರಿಮಿ ಸೇರದ ಹಾಗೆ ಸ್ವಲ್ಪ ಕಾರ್ಬಾಲಿಕ್ ಆಸಿಡ್ ಬೆರೆಸುತ್ತಿದ್ದರು. ಈ ಆಸಿಡ್‌ನ ವಿಷಯ ಮುಂದೆ ಮತ್ತೆ ಬರುತ್ತೆ.

ಮೂರೇ ತಿಂಗಳಲ್ಲಿ ಲಸಿಕೆ ಸಿದ್ಧ. 1897ರ ಜನವರಿ 10ರಂದು ಹಾಫ್‌ಕಿನ್ 10 ಸಿಸಿ ಲಸಿಕೆ ತಮಗೇ ಚುಚ್ಚಿಸಿಕೊಂಡರು. ಮುಂದೆ ಜನರಿಗೆ ಕೊಟ್ಟ ಡೋಸ್‌ಗಿಂತ ಹಲವು ಪಟ್ಟು ಜಾಸ್ತಿ. ಮೈ ಕಾದ ಹೆಂಚಿನ ಹಾಗಾಯಿತು, ಆದರೂ ಕೆಲಸಕ್ಕೆ ಹೋದರು. ಅದೇ ತಿಂಗಳ ಕೊನೆಗೆ ಬೈಕಲಾ ಜೈಲಿನಲ್ಲಿ ಪ್ಲೇಗು ಕಾಣಿಸಿತು. ಕೈದಿಗಳಲ್ಲಿ ತಾವಾಗಿ ಮುಂದೆ ಬಂದವರಿಗೆ ಲಸಿಕೆ ಕೊಟ್ಟರು, ಸುಮಾರು ಅರ್ಧದಷ್ಟು ಜನ ಬಂದರು. ಲಸಿಕೆ ಪಡೆದವರಲ್ಲಿ ಕಾಯಿಲೆ ಬಿದ್ದವರು ಕಡಿಮೆ, ಪಡೆಯದವರಲ್ಲಿ ಜಾಸ್ತಿ ಅಂತ ಕಂಡುಬಂತು. ಕೈದಿ ನಿಜವಾಗಿ ತಾನಾಗಿ ಮುಂದೆ ಬರೋಕೆ ಆಗುತ್ತಾ ಅಂತ ಇವತ್ತು ನಾವು ಕೇಳಬಹುದು, ಕೇಳಲೇಬೇಕು. ಆ ಕಾಲಕ್ಕೆ ಕೈದಿಯ ಒಪ್ಪಿಗೆ ಕೇಳಿದ್ದೇ ಹೊಸದು.

ಅದಾಗಿ ಕೆಲವೇ ದಿನಕ್ಕೆ, ಫೆಬ್ರವರಿ 4ರಂದು, ಸರ್ಕಾರ ಎಪಿಡೆಮಿಕ್ ಡಿಸೀಸಸ್ ಆಕ್ಟ್ ತಂದಿತು. ಸಾಂಕ್ರಾಮಿಕ ರೋಗಗಳ ಕಾಯ್ದೆ. ಓದಿದರೆ ಒಂದೆರಡು ಪುಟ, ನಾಲ್ಕೇ ಸೆಕ್ಷನ್. ಮಾಮೂಲಿ ಕಾನೂನು ಸಾಲದು ಅನ್ನಿಸಿದರೆ ಸರ್ಕಾರ ಬೇಕಾದ ನಿಯಮ ಮಾಡಬಹುದು, ಹಡಗು ರೈಲು ತಪಾಸಣೆ ಮಾಡಬಹುದು, ಶಂಕೆ ಬಂದವರನ್ನು ಆಸ್ಪತ್ರೆಯಲ್ಲಿ ಪ್ರತ್ಯೇಕವಾಗಿ ಇರಿಸಬಹುದು, ನಿಯಮ ಮೀರಿದವರಿಗೆ ಶಿಕ್ಷೆ ಕೊಡಿಸಬಹುದು. ಕೊನೆಯ ಸೆಕ್ಷನ್ ಏನು ಗೊತ್ತಾ? ಈ ಕಾಯ್ದೆಯಡಿ ಒಳ್ಳೆ ಉದ್ದೇಶದಿಂದ ಮಾಡಿದ ಕೆಲಸಕ್ಕೆ ಯಾರ ಮೇಲೂ ಕೇಸು ಹಾಕುವಂತಿಲ್ಲ. ಯಾವ ಅಧಿಕಾರ ಎಲ್ಲಿಗೆ ನಿಲ್ಲಬೇಕು, ಎಷ್ಟು ದಿನ ಇರಬೇಕು, ಜನ ಯಾರ ಹತ್ತಿರ ದೂರು ಹೇಳಬೇಕು ಅನ್ನೋದು ಮಾತ್ರ ಇರಲಿಲ್ಲ.

ಪುಣೆಯಲ್ಲಿ ಅದರ ಪರಿಣಾಮ ಕಾಣಿಸಿತು. ಪ್ಲೇಗ್ ಸಮಿತಿಯ ಮುಖ್ಯಸ್ಥ ಐಸಿಎಸ್ ಅಧಿಕಾರಿ ರ‍್ಯಾಂಡ್ ಸೈನಿಕರನ್ನು ಮನೆ ಮನೆಗೆ ನುಗ್ಗಿಸಿದರು. ರೋಗಿಗಳನ್ನು ಹುಡುಕುವ ನೆಪದಲ್ಲಿ ಬೂಟುಗಾಲು ದೇವರ ಮನೆಗೂ ಅಡುಗೆ ಮನೆಗೂ ಹೋಯಿತು. ಹೆಂಗಸರನ್ನು ಗಂಡಸರು ಪರೀಕ್ಷೆ ಮಾಡಿದರು. ಸಾಮಾನು ಸುಟ್ಟರು, ಮನೆಯವರನ್ನು ಬೇರೆ ಬೇರೆ ಶಿಬಿರಕ್ಕೆ ಸಾಗಿಸಿದರು. ತಿಲಕರು ತಮ್ಮ ಕೇಸರಿ ಪತ್ರಿಕೆಯಲ್ಲಿ ಕಟುವಾಗಿ ಬರೆದರು. 1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ಔತಣ ಮುಗಿಸಿ ವಾಪಸಾಗುತ್ತಿದ್ದ ರ‍್ಯಾಂಡ್ ಮತ್ತು ಲೆಫ್ಟಿನೆಂಟ್ ಆಯರ್ಸ್ಟ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಇಬ್ಬರೂ ಸತ್ತರು. ಚಾಪೇಕರ್ ಸಹೋದರರಿಗೆ ಗಲ್ಲು, ತಿಲಕರಿಗೆ ರಾಜದ್ರೋಹದ ಕೇಸಿನಲ್ಲಿ 18 ತಿಂಗಳ ಶಿಕ್ಷೆ.

ಗಮನಿಸಿ, ಪುಣೆಯ ಸಿಟ್ಟು ಲಸಿಕೆಯ ಮೇಲಿನದ್ದಲ್ಲ. ಆದರೆ ಅದಾದ ಮೇಲೆ ಸರ್ಕಾರದ ಕಡೆಯಿಂದ ಏನೇ ಬಂದರೂ ಜನ ಅದನ್ನು ಅದೇ ಕಣ್ಣಿನಿಂದ ನೋಡಿದರು. ಸೈನಿಕ ನಿನ್ನೆ ಮನೆಗೆ ನುಗ್ಗಿದ, ಡಾಕ್ಟರ್ ನಾಳೆ ಮೈಗೇ ನುಗ್ಗುತ್ತಾನೆ ಅನ್ನೋದು ಅವರ ಲೆಕ್ಕ. ಸಿಡುಬಿಗೆ ಮಕ್ಕಳಿಗೆ ದೇವಿ ಹಾಕಿಸೋದನ್ನು ಹಲವು ಪಟ್ಟಣಗಳಲ್ಲಿ ಕಡ್ಡಾಯ ಮಾಡಲು 1880ರಲ್ಲೇ ಕಾಯ್ದೆ ಬಂದಿತ್ತು, ಹಾಗಾಗಿ ಇದನ್ನೂ ಕಡ್ಡಾಯ ಮಾಡ್ತಾರೆ ಅನ್ನುವ ಭಯಕ್ಕೆ ಬುಡ ಇಲ್ಲದೇ ಇರಲಿಲ್ಲ. ಸೂಜಿ ಗಜದುದ್ದ ಇದೆಯಂತೆ, ಚುಚ್ಚಿದ ಕೂಡಲೇ ಪ್ರಾಣ ಹೋಗುತ್ತಂತೆ, ಗಂಡಸರ ಗಂಡಸುತನ ಹೋಗುತ್ತಂತೆ, ಹೆಂಗಸರಿಗೆ ಮಕ್ಕಳಾಗಲ್ಲವಂತೆ ಅಂತ ಸುದ್ದಿ ಹಬ್ಬಿತು. 1898ರ ಬೇಸಿಗೆಯಲ್ಲಿ ಕಲ್ಕತ್ತಾದಲ್ಲಿ ಬಲವಂತದ ಲಸಿಕೆ ಬರುತ್ತೆ ಅನ್ನುವ ಬರೀ ಗಾಳಿಸುದ್ದಿಗೇ ಗಲಭೆ ಆಯಿತು, ಸಾವಿರಾರು ಜನ ಊರು ಬಿಟ್ಟರು. ಅಲ್ಲಿ ನಾಲ್ಕು ವರ್ಷದ ಹಿಂದೆ ಬಸ್ತಿಯ ಜನ ತಾವಾಗಿ ತೋಳೊಡ್ಡಿದ್ದರು! ಊರು ಅದೇ, ಸೂಜಿ ಹಿಡಿದ ಮನುಷ್ಯನೂ ಅವನೇ. ಬದಲಾಗಿದ್ದದ್ದು ಅವನ ಹಿಂದೆ ನಿಂತಿದ್ದ ಸರ್ಕಾರದ ನೆರಳು.

ಹಾಫ್‌ಕಿನ್ ತಮ್ಮ ದಾರಿ ಬಿಡಲಿಲ್ಲ. ಜನ ಯಾರ ಮಾತು ಕೇಳುತ್ತಾರೋ ಅವರನ್ನು ಹಿಡಿದರು. ಖೋಜಾ ಸಮುದಾಯದ ಗುರು, ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಮೂರನೆಯ ಆಗಾ ಖಾನ್, ಸಮುದಾಯದ ಎದುರು ತಾವೇ ಚುಚ್ಚಿಸಿಕೊಂಡರು. ತಮ್ಮ ಖುಶ್ರು ಲಾಡ್ಜ್ ಬಂಗಲೆಯನ್ನೂ ಲ್ಯಾಬಿಗೆ ಬಿಟ್ಟುಕೊಟ್ಟರು. ಮುಂಬೈಯ ಖೋಜಾಗಳು ಸಾವಿರಗಟ್ಟಲೆ ಬಂದರು. ಇನ್ನೊಂದು ಕಡೆ, ಲಸಿಕೆ ಕೆಲಸ ಮಾಡುತ್ತೆ ಅಂತ ಅಂಕಿಯಲ್ಲಿ ತೋರಿಸಲು ಬರೋಡಾ ಸಂಸ್ಥಾನದ ಉಂಧೇರಾ ಅನ್ನುವ ಹಳ್ಳಿಗೆ 1898ರ ಫೆಬ್ರವರಿಯಲ್ಲಿ ಹೋದರು. ಪ್ರತಿ ಮನೆಯಲ್ಲೂ ಅರ್ಧದಷ್ಟು ಜನರಿಗೆ ಲಸಿಕೆ, ಉಳಿದರ್ಧಕ್ಕೆ ಇಲ್ಲ. ಮನೆ ಅದೇ, ಊಟ ಅದೇ, ಇಲಿಗಳೂ ಅವೇ. ನಾವು ಕಂಟ್ರೋಲ್ ಗ್ರೂಪ್ ಅಂತ ಈಗ ಓದೋದು ಇದನ್ನೇ. ಲಸಿಕೆ ಪಡೆದ 513 ಜನರಲ್ಲಿ 8 ಮಂದಿಗೆ ಪ್ಲೇಗು ಬಂದು 3 ಜನ ಸತ್ತರು. ಪಡೆಯದ 437 ಜನರಲ್ಲಿ 27 ಮಂದಿಗೆ ಬಂದು 26 ಜನ ಸತ್ತರು. ಲಸಿಕೆ ಪೂರ್ತಿ ಕವಚ ಅಲ್ಲ, ಆದರೆ ಸಾವನ್ನು ಬಹಳ ತಗ್ಗಿಸುತ್ತದೆ ಅನ್ನೋದು ಆ ಅಂಕಿಗಳಿಂದ ಯಾರಿಗಾದರೂ ಅರ್ಥವಾಗುತ್ತದೆ.

ಅದೇ ವರ್ಷ ಪ್ಲೇಗು ನಮ್ಮ ಕಡೆಗೂ ಬಂತು. ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿ, ಧಾರವಾಡ ಭಾಗದಲ್ಲಿ ಭಾರಿ ಸಾವುನೋವಾಯಿತು. ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಹಾಫ್‌ಕಿನ್ ಲಸಿಕೆ ಪಡೆದರು, ಅಲ್ಲಿನ ಅಂಕಿ ಅಂಶವೇ ಮುಂದೆ ಲಸಿಕೆಯ ಪರ ದೊಡ್ಡ ಸಾಕ್ಷಿಯಾಯಿತು. ಬೆಂಗಳೂರಿಗೂ 1898ರಲ್ಲೇ ಬಂತು. ಹಳೆ ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದು ಬಸವನಗುಡಿ, ಮಲ್ಲೇಶ್ವರಂ ಬೆಳೆದದ್ದರ ಹಿಂದೆ ಆ ಪ್ಲೇಗಿನ ಕಾಟ ಇದೆ. ಇವತ್ತಿಗೂ ನಗರದಲ್ಲಿ ಪ್ಲೇಗಿನ ಮಾರಮ್ಮನಿಗೆ ಗುಡಿಗಳಿವೆ. ಸೂಜಿಗೆ ತೋಳು ಕೊಟ್ಟವರೂ ನಮ್ಮವರೇ, ಮಾರಮ್ಮನಿಗೆ ತಂಬಿಟ್ಟು ಇಟ್ಟವರೂ ನಮ್ಮವರೇ, ಎರಡನ್ನೂ ಮಾಡಿದ ಮನೆಗಳೂ ಇದ್ದೇ ಇರುತ್ತವೆ.

ಸರ್ಕಾರ ಪುಣೆಯಿಂದ ಪಾಠ ಕಲಿತು ಪ್ಲೇಗ್ ಲಸಿಕೆಯನ್ನು ಕಡ್ಡಾಯ ಮಾಡಲಿಲ್ಲ. ಆದರೆ ಒಂದು ಅಡ್ಡದಾರಿ ಹಿಡಿಯಿತು. ಚುಚ್ಚಿಸಿಕೊಂಡವರಿಗೆ ಸರ್ಟಿಫಿಕೇಟ್, ಸರ್ಟಿಫಿಕೇಟ್ ಇದ್ದವರಿಗೆ ತಪಾಸಣೆ, ಶಿಬಿರ ಇಂಥ ಕೆಲವು ಕಾಟಗಳಿಂದ ವಿನಾಯಿತಿ. ಇದು ಇಷ್ಟಪಟ್ಟು ಮಾಡಿದ್ದಾ, ಬಲವಂತವಾ? ನಮ್ಮ ಒಂದು ಡೋಸ್, ಒಂದು ಗೇಟ್ ಪಾಸ್ ನೆನಪಾಗುತ್ತಾ? ಈ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರ ಇಲ್ಲ. ಬೇರೆಯವರ ಜೀವಕ್ಕೂ ಸಂಬಂಧಿಸಿದ ವಿಷಯದಲ್ಲಿ ಸ್ವಲ್ಪ ಒತ್ತಡ ತಪ್ಪಲ್ಲ ಅನ್ನಿಸುತ್ತೆ. ಆದರೆ ಒತ್ತಡದಿಂದ ಬಂದವನ ನಂಬಿಕೆ ತೆಳ್ಳಗಿರುತ್ತದೆ, ಒಂದು ಅಪಘಾತ ಆದರೆ ಸಾಕು ಹರಿದುಹೋಗುತ್ತದೆ ಅನ್ನೋದೂ ನಿಜ.

ಆ ಅಪಘಾತ ಪಂಜಾಬಿನಲ್ಲಿ ಆಯಿತು. 1899ರಲ್ಲಿ ಹಾಫ್‌ಕಿನ್ ಲ್ಯಾಬು ಪರೇಲ್‌ನ ಹಳೆ ಗವರ್ನರ್ ಬಂಗಲೆಗೆ ಹೋಗಿತ್ತು, ಲಸಿಕೆ ದೇಶದ ಮೂಲೆ ಮೂಲೆಗೆ ಹೋಗುತ್ತಿತ್ತು. 1902ರಲ್ಲಿ ಪಂಜಾಬ್ ಸರ್ಕಾರ ದೊಡ್ಡ ಲಸಿಕಾ ಅಭಿಯಾನಕ್ಕೆ ಕೈಹಾಕಿ ಲಕ್ಷಗಟ್ಟಲೆ ಡೋಸ್ ಕೇಳಿತು. ಡೆಡ್‌ಲೈನ್ ಹತ್ತಿರ, ಆರ್ಡರ್ ದೊಡ್ಡದು. ಹಾಫ್‌ಕಿನ್ ತಯಾರಿಕೆಯ ವಿಧಾನ ಬದಲಿಸಿದರು. ಮಾಂಸದ ಸಾರಿನ ಬದಲು ಅಗರ್ ಮೇಲೆ ಬೆಳೆಸಿದರು, ಕಾರ್ಬಾಲಿಕ್ ಆಸಿಡ್ ಬಿಟ್ಟು ಬರೀ ಶಾಖದಿಂದ ಶುದ್ಧ ಮಾಡಿದರು. ಪಾಶ್ಚರ್ ಇನ್‌ಸ್ಟಿಟ್ಯೂಟ್‌ನಲ್ಲೂ ಶಾಖದ ವಿಧಾನವೇ ಇತ್ತು. ಲಸಿಕೆ ಬೇಗ ತಯಾರಾಗುತ್ತಿತ್ತು.

1902ರ ಅಕ್ಟೋಬರ್ 30ರಂದು ಮಲ್ಕೋವಾಲ್ ಅನ್ನುವ ಹಳ್ಳಿಯಲ್ಲಿ 107 ಜನ ಲಸಿಕೆ ಪಡೆದರು. ಐದು ಸೀಸೆಗಳಿಂದ ಕೊಟ್ಟಿದ್ದರು. 53-ಎನ್ ನಂಬರಿನ ಒಂದೇ ಸೀಸೆಯಿಂದ ಪಡೆದ 19 ಜನರಿಗೆ ವಾರದ ಹೊತ್ತಿಗೆ ಧನುರ್ವಾಯು, ಅಂದರೆ ಟೆಟನಸ್, ಹಿಡಿಯಿತು. ಹತ್ತೊಂಬತ್ತೂ ಜನ ಸತ್ತರು. ಬೇರೆ ಸೀಸೆಗಳಿಂದ ಪಡೆದ ಉಳಿದ ಯಾರಿಗೂ ಏನೂ ಆಗಲಿಲ್ಲ. ಪ್ಲೇಗಿನಿಂದ ಉಳಿಸುತ್ತೆ ಅಂತ ನಂಬಿ ತೋಳು ಕೊಟ್ಟ ಹಳ್ಳಿಯವರು ಅವರು. ಇದನ್ನು ಬರೀ ಒಂದು ಬ್ಯಾಚ್ ಫೇಲ್ಯೂರ್ ಅಂತ ಹೇಳಿ ಮುಂದೆ ಹೋಗೋಕೆ ಆಗಲ್ಲ.

ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಮುಂಬೈ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಲಾರೆನ್ಸ್ ಜೆಂಕಿನ್ಸ್ ಅಧ್ಯಕ್ಷರು. ಸೀಸೆಯನ್ನು ತೆರೆಯುವ ಮೊದಲೇ, ಅಂದರೆ ಮುಂಬೈಯ ಲ್ಯಾಬಿನಲ್ಲೇ ಟೆಟನಸ್ ಕ್ರಿಮಿ ಸೇರಿದೆ, ಕಾರ್ಬಾಲಿಕ್ ಆಸಿಡ್ ಬಿಟ್ಟದ್ದು ತಪ್ಪು ಅನ್ನುವ ತೀರ್ಮಾನಕ್ಕೆ ಆಯೋಗ ಬಂತು. ಹಾಫ್‌ಕಿನ್ ಸಂಬಳವಿಲ್ಲದೆ ಕೆಲಸದಿಂದ ಅಮಾನತಾದರು. ಪುಣೆಯಲ್ಲಿ ಮನೆಗೆ ನುಗ್ಗಿದವರಿಗೆ ಕಾಯ್ದೆಯ ಕೊನೆಯ ಸೆಕ್ಷನ್ ರಕ್ಷಣೆ ಇತ್ತು. ಹತ್ತು ವರ್ಷ ಜನರ ಒಪ್ಪಿಗೆ ಕೇಳಿ ಕೇಳಿ ಕೆಲಸ ಮಾಡಿದ ವಿಜ್ಞಾನಿಯ ಬೆನ್ನಿಗೆ ಯಾವ ಸೆಕ್ಷನ್ನೂ ನಿಲ್ಲಲಿಲ್ಲ. 1904ರಲ್ಲಿ ಅವರು ಲಂಡನ್‌ಗೆ ಹೊರಟರು.

ಈಗ ನಾವು ಎಂಜಿನಿಯರಿಂಗ್ ಓದುವವರ ಹಾಗೆ ಯೋಚಿಸೋಣ. ರೂಟ್ ಕಾಸ್ ಏನು? ಸೀಸೆ ತುಂಬಿದ್ದು ಲಸಿಕೆ ಕೊಡುವುದಕ್ಕೆ 41 ದಿನ ಮೊದಲು. ಕ್ರಿಮಿ ಅಷ್ಟು ದಿನ ಒಳಗೆ ಬೆಳೆದಿದ್ದರೆ ಸೀಸೆ ತೆರೆದ ಕೂಡಲೇ ಕೆಟ್ಟ ವಾಸನೆ ಬರಬೇಕಿತ್ತು, ತೆರೆದ ವೈದ್ಯರಿಗೆ ಯಾವ ವಾಸನೆಯೂ ಬಂದಿರಲಿಲ್ಲ. ಅಷ್ಟು ದಿನದ ವಿಷ ತುಂಬಿದ್ದರೆ ರೋಗಲಕ್ಷಣ ಬೇಗ ಕಾಣಬೇಕಿತ್ತು, ಕಂಡದ್ದು ತಡವಾಗಿ. ಇನ್ನೊಂದು ಸಣ್ಣ ವಿಷಯ ವಿಚಾರಣೆಯಲ್ಲೇ ಹೊರಬಂದಿತ್ತು. ಆ ದಿನ ಸೀಸೆಯ ಬಿರಡೆ ತೆಗೆಯುವ ಇಕ್ಕಳ ಸಹಾಯಕನ ಕೈಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಬಿಸಿ ಮಾಡದೆ, ಕಾರ್ಬಾಲಿಕ್ ದ್ರಾವಣದಲ್ಲಿ ಒಮ್ಮೆ ಅದ್ದಿ ಮತ್ತೆ ಬಳಸಿದ್ದರು. ಟೆಟನಸ್ ಕ್ರಿಮಿ ಇರೋದೇ ಮಣ್ಣಿನಲ್ಲಿ, ಅದರ ಬೀಜಕಣಗಳು ಅಷ್ಟು ಸುಲಭಕ್ಕೆ ಸಾಯಲ್ಲ. ಇಷ್ಟೆಲ್ಲ ಇದ್ದೂ ಆಯೋಗದ ಬೆರಳು ಹೋದದ್ದು ಲ್ಯಾಬಿನ ಕಡೆಗೆ. ಹಾಗಂತ ಹಾಫ್‌ಕಿನ್ ಕಡೆಗೆ ಪ್ರಶ್ನೆಯೇ ಇಲ್ಲ ಅಂತಲ್ಲ. ಕಾರ್ಬಾಲಿಕ್ ಆಸಿಡ್ ಅನ್ನೋದು ಎರಡನೇ ಬೀಗ ಇದ್ದ ಹಾಗೆ. ಮೊದಲ ಬೀಗ ಗಟ್ಟಿ ಇದ್ದರೂ, ಆರ್ಡರ್‌ನ ಒತ್ತಡದಲ್ಲಿ ಎರಡನೆಯದನ್ನು ತೆಗೆಯುವ ಮೊದಲು ಎರಡು ಸಲ ಯೋಚಿಸಬೇಕು ಅಂತ ನಮಗೆ ಯಾವ ಮೇಷ್ಟ್ರಾದರೂ ಹೇಳುತ್ತಾರೆ. ಅದೂ ಮೊದಲೇ ಹೆದರಿದ ಜನರ ನಡುವೆ ಕೆಲಸ ಮಾಡುವಾಗ. ಆದರೆ ಅಂದು ಆ ಸೀಸೆಯಲ್ಲಿ ಸಾವು ಹೊಕ್ಕದ್ದು ಹಳ್ಳಿಯ ನೆಲದಿಂದ ಅನ್ನೋದಕ್ಕೇ ಸಾಕ್ಷಿ ಜಾಸ್ತಿ.

ಆಯೋಗದ ಕಾಗದಪತ್ರ ಹೊರಬಿದ್ದದ್ದೇ ವರ್ಷಗಳ ನಂತರ. ಅವನ್ನು ಓದಿ ಸಿಟ್ಟಾದವರು ರೊನಾಲ್ಡ್ ರಾಸ್. ಮಲೇರಿಯಾ ಸೊಳ್ಳೆಯಿಂದ ಹರಡುತ್ತೆ ಅಂತ ಭಾರತದಲ್ಲೇ ಕಂಡುಹಿಡಿದು ನೊಬೆಲ್ ಪಡೆದವರು. ರಾಸ್ ಪತ್ರಿಕೆಗಳಲ್ಲಿ ಬಿಡದೆ ಬರೆದರು. 1907ರ ಜುಲೈನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಹತ್ತು ಜನ ಹೆಸರಾಂತ ವಿಜ್ಞಾನಿಗಳು ಸಹಿ ಹಾಕಿ ಹಾಫ್‌ಕಿನ್ ಪರ ನಿಂತರು. ಫ್ರಾನ್ಸಿನಲ್ಲಿ ಡ್ರೇಫಸ್ ಅನ್ನುವ ಯಹೂದಿ ಸೇನಾಧಿಕಾರಿಯನ್ನು ಸುಳ್ಳು ಆರೋಪದಲ್ಲಿ ಸಿಕ್ಕಿಸಿದ ಪ್ರಕರಣ ಆಗ ಎಲ್ಲರ ನೆನಪಿನಲ್ಲಿತ್ತು, ಜನ ಇದನ್ನು ಅದಕ್ಕೆ ಹೋಲಿಸಿದರು. ಆ ವರ್ಷದ ಕೊನೆಗೆ ಸರ್ಕಾರ ಹಾಫ್‌ಕಿನ್‌ರನ್ನು ಮತ್ತೆ ಕೆಲಸಕ್ಕೆ ಕರೆಯಿತು.

ಕರೆದದ್ದು ಕಲ್ಕತ್ತಾಕ್ಕೆ. ಅವರು ಕಟ್ಟಿದ ಮುಂಬೈ ಲ್ಯಾಬಿನಲ್ಲಿ ಬೇರೆಯವರು ಕೂತಿದ್ದರು. ಜನರಿಗೆ ಲಸಿಕೆ ಪ್ರಯೋಗ ಮಾಡುವ ಕೆಲಸಕ್ಕೂ ಅವಕಾಶ ಕೊಡಲಿಲ್ಲ. ಬಸ್ತಿಗಳಲ್ಲಿ ಜನರ ನಡುವೆ ನಿಂತು ಕೆಲಸ ಮಾಡಿದ ಮನುಷ್ಯ ಕೋಣೆಯೊಳಗೆ ಕೂತು ಏಳು ವರ್ಷ ಕಳೆದರು. 1914ರಲ್ಲಿ ನಿವೃತ್ತರಾಗಿ ಯುರೋಪಿಗೆ ಹೋದರು. ಮದುವೆ ಆಗಿರಲಿಲ್ಲ. ಕೊನೆಯ ವರ್ಷಗಳಲ್ಲಿ ತಮ್ಮ ಧರ್ಮದ ಆಚರಣೆಗಳ ಕಡೆ ಗಾಢವಾಗಿ ತಿರುಗಿದರು, ಉಳಿತಾಯವನ್ನು ಯಹೂದಿ ಧಾರ್ಮಿಕ ಶಾಲೆಗಳಿಗೆ ಬರೆದಿಟ್ಟರು. 1925ರಲ್ಲಿ ಪರೇಲ್‌ನ ಲ್ಯಾಬಿಗೆ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಅಂತ ಹೆಸರಿಟ್ಟರು. ಅಷ್ಟರಲ್ಲಿ ಅಲ್ಲಿಂದ ಹೊರಗೆ ಹೋದ ಪ್ಲೇಗ್ ಲಸಿಕೆ ಸುಮಾರು 2 ಕೋಟಿ 60 ಲಕ್ಷ ಡೋಸ್. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಹಾಫ್‌ಕಿನ್ ತೀರಿಕೊಂಡರು. 1964ರಲ್ಲಿ ಭಾರತ ಅವರ ಅಂಚೆ ಚೀಟಿ ತಂದಿತು.

ಮಲ್ಕೋವಾಲ್ ಆದಮೇಲೆ ಪಂಜಾಬಿನಲ್ಲಿ ಲಸಿಕೆಯ ಮೇಲಿನ ನಂಬಿಕೆ ಕುಸಿದುಬಿತ್ತು. ಪ್ಲೇಗು ಮಾತ್ರ ನಿಲ್ಲಲಿಲ್ಲ, ಮುಂದಿನ ಕೆಲವು ವರ್ಷ ಅತಿ ಹೆಚ್ಚು ಸಾವು ಕಂಡ ಪ್ರಾಂತ್ಯಗಳಲ್ಲಿ ಪಂಜಾಬೂ ಒಂದು. ದೇಶದಲ್ಲಿ ಆ ಪ್ಲೇಗಿನಿಂದ ಸತ್ತವರು ಒಟ್ಟು ಒಂದು ಕೋಟಿಗೂ ಹೆಚ್ಚು. ಅದರಲ್ಲಿ ಕ್ರಿಮಿ ಕೊಂದದ್ದೆಷ್ಟು, ಅಪನಂಬಿಕೆ ಕೊಂದದ್ದೆಷ್ಟು ಅಂತ ಬೇರೆ ಮಾಡಿ ಎಣಿಸೋಕೆ ಆಗಲ್ಲ.

1897ರ ಆ ನಾಲ್ಕು ಸೆಕ್ಷನ್ನಿನ ಕಾಯ್ದೆ ಬ್ರಿಟಿಷರ ಜೊತೆ ಹೋಗಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ರಾಜ್ಯಗಳು ಹೊರಗೆ ತೆಗೆದದ್ದು ಅದನ್ನೇ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಆದರೆ ಸಮಾಜದ ಆರೋಗ್ಯಕ್ಕಾಗಿ ಸರ್ಕಾರ ಹದವಾದ ನಿರ್ಬಂಧ ಹಾಕಬಹುದು ಅಂತ ಹೇಳಿತು. ಅಂದರೆ ಹಾಫ್‌ಕಿನ್ 1894ರಲ್ಲಿ ಬಸ್ತಿಯಲ್ಲಿ ಮಾಡಿ ತೋರಿಸಿದ್ದು ಕಾನೂನಿನ ಭಾಷೆಗೆ ಬರೋಕೆ 128 ವರ್ಷ ಬೇಕಾಯಿತು.

ನಾಳೆ ನಮ್ಮಲ್ಲಿ ಯಾರೋ ಒಬ್ಬರು ಜನರ ಮೈಗೆ, ಮನೆಗೆ ಹೋಗುವಂಥ ಏನನ್ನೋ ತಯಾರಿಸುತ್ತೇವೆ. ಔಷಧಿ ಇರಬಹುದು, ಆಪ್ ಇರಬಹುದು, ಮೀಟರ್ ಇರಬಹುದು. ಅದು ಸರಿಯಾಗಿ ಕೆಲಸ ಮಾಡಿದರೂ ಜನ ಹೆದರಬಹುದು. ಆಗ ಅವರನ್ನು ಮೂಢರು ಅಂತ ನಗುವ ಮೊದಲು, ಅವರಿಗೆ ಈ ಹಿಂದೆ ಯಾರು ಏನು ಮಾಡಿದ್ದಾರೆ ಅಂತ ಕೇಳಿಕೊಳ್ಳೋಣ. ಆಮೇಲೆ ಅವರ ಎದುರು ಮೊದಲು ನಮ್ಮ ತೋಳು ಚಾಚೋಣ.